ಎರಡು ನಿಯಮಗಳ ನಡುವೆ

ಭಾನುಪ್ರಿಯಗೆ ಸೌದೆ ಹೊಗೆಯ ವಾಸನೆ ಬಂದದ್ದು ಒಂದು ಕಡ್ಡಿ ಸೌದೆಯೂ ಇಲ್ಲದ ಕೋಣೆಯಲ್ಲಿ.

ಅದು ಒಂದು ಅಣು ವಿದ್ಯುತ್ ಸ್ಥಾವರದ ಕೇಬಲ್ ಕೋಣೆ. ಉದ್ದನೆಯದು, ಕಿಟಕಿಯಿಲ್ಲದ್ದು. ಎರಡು ಗೋಡೆಗೂ ಕಬ್ಬಿಣದ ತಟ್ಟೆಗಳನ್ನು ಬಡಿದು, ಅವುಗಳ ಮೇಲೆ ತೋಳು ದಪ್ಪದ ಕೇಬಲ್‌ಗಳನ್ನು ಸಾಲಾಗಿ ಮಲಗಿಸಿದ್ದರು. ಎಡಗಡೆಯವು ರಿಯಾಕ್ಟರನ್ನು ತಣ್ಣಗಿಡುವ ಪಂಪುಗಳಿಗೆ ಕರೆಂಟು ಒಯ್ಯುತ್ತಿದ್ದವು. ಅವು ಕೆಟ್ಟರೆ ಇರಲಿ ಎಂದು ಬಲಗಡೆ ಇನ್ನೊಂದು ಜೊತೆ. ನಡುವೆ ಇಪ್ಪತ್ತಡಿ ಬರಿ ಜಾಗ.

ಹಳೆಯ ನಿಯಮದ ಪ್ರಕಾರ ಆ ಇಪ್ಪತ್ತಡಿ ಸಾಕು. ಹೊಸ ನಿಯಮದ ಪ್ರಕಾರ ಸಾಲದು. ನಡುವೆ ಮೂರು ಗಂಟೆ ಬೆಂಕಿ ತಡೆಯುವ ಗೋಡೆ ಏಳಬೇಕು. ಹೊಸದಕ್ಕೆ ಬದಲಾಗಲು ಸ್ಥಾವರಗಳಿಗೆ ಕೊಟ್ಟಿದ್ದ ಮೂರು ವರ್ಷದ ಗಡುವು ಮುಗಿಯುತ್ತಾ ಬಂದಿತ್ತು. ಈ ಸ್ಥಾವರದವರು ಇನ್ನೆರಡು ವರ್ಷ ಕೇಳಿದ್ದರು. ಅಲ್ಲಿಯವರೆಗೆ ಗಂಟೆಗೊಮ್ಮೆ ಒಬ್ಬ ಕಾವಲಿನವನು ಕೋಣೆಗೆ ಬಂದು, ನೋಡಿ, ಬಾಗಿಲ ಹಿಂದೆ ಅಂಟಿಸಿದ ಹಾಳೆಯಲ್ಲಿ ವೇಳೆ ಬರೆದು ರುಜು ಹಾಕಿ ಹೋಗುತ್ತಾನೆ. ಅಷ್ಟು ಸಾಕೇ, ಸಾಲದೇ? ಅದನ್ನು ಹೇಳಬೇಕಾದವಳು ಭಾನುಪ್ರಿಯ. ಅಣು ಸ್ಥಾವರಗಳ ಸುರಕ್ಷತೆಯ ಮೇಲೆ ಕಣ್ಣಿಡುವ ಕಚೇರಿಯಲ್ಲಿ ಅವಳು ಬೆಂಕಿ ವಿಭಾಗದ ಎಂಜಿನಿಯರು.

ಹಾಳೆಯನ್ನು ಓದುತ್ತಾ ನಿಂತಿದ್ದಾಗ ವಾಸನೆ ಬಂತು. ಹಸಿ ಮರ ಒಳಗೊಳಗೇ ಕರಕಲಾಗುವಾಗಿನ ಕಮಟು. ಅವಳು ತಟ್ಟೆಗಳ ಸಂದಿಗೆ ಟಾರ್ಚು ಬಿಟ್ಟಳು. ಮೂರು ಕಡೆ ಅಂಗೈ ಇಟ್ಟು ನೋಡಿದಳು. ಮೇಲಿನ ಹೊಗೆ ಸೂಚಕಗಳ ಹಸಿರು ದೀಪಗಳು ಹಾಗೇ ಮಿಣುಕುತ್ತಿದ್ದವು.

"ಏನಾಯ್ತು ಮೇಡಂ?" ಜೊತೆಗಿದ್ದ ಸ್ಥಾವರದ ಎಂಜಿನಿಯರು ಕೇಳಿದ.

"ನಿಮಗೆ ಏನಾದ್ರೂ ವಾಸನೆ ಬರ್ತಿದೆಯಾ?"

ಅವನು ಮೂಗರಳಿಸಿ ಎಳೆದುಕೊಂಡ. "ಇಲ್ವಲ್ಲ."

ಭಾನುಪ್ರಿಯ ಗಡಿಯಾರ ನೋಡಿಕೊಂಡಳು. ಮಧ್ಯಾಹ್ನ ಎರಡೂವರೆ.

ಆ ವೇಳೆ ಅವಳಿಗೆ ಎಂಟನೇ ವಯಸ್ಸಿನಿಂದ ಗೊತ್ತು. ಬಂಗಾರಪೇಟೆ ಹತ್ತಿರದ ಸೀಗೇನಹಳ್ಳಿಯ ಮನೆಯಲ್ಲಿ ದಿನಾ ಎರಡೂವರೆಗೆ ಅವಳಪ್ಪ ಕದಿರಪ್ಪ ಎಲ್ಲಿದ್ದರೂ ಎದ್ದು ನಿಲ್ಲುತ್ತಿದ್ದ. ಉಣ್ಣುತ್ತಿದ್ದರೆ ಕೈ ತೊಳೆದುಕೊಂಡು, ಟೊಮೇಟೊ ತೋಟದಲ್ಲಿದ್ದರೆ ಗುದ್ದಲಿ ಬಿಟ್ಟು ಬಂದು, ಮನೆಯನ್ನೊಂದು ಸುತ್ತು ಹಾಕುತ್ತಿದ್ದ. ಒಲೆಯ ಬೂದಿಯ ಮೇಲೆ ಅಂಗೈ ಹಿಡಿಯುತ್ತಿದ್ದ. ಹುಲ್ಲಿನ ಮೆದೆಗೆ ಮೊಳಕೈವರೆಗೆ ತೋಳು ತೂರಿಸಿ ಬಿಸಿ ಇದೆಯೇ ಎಂದು ನೋಡುತ್ತಿದ್ದ. ಸ್ವಿಚ್ಚಿನ ಹಲಗೆ, ಗ್ಯಾಸಿನ ಕೊಳವೆ, ಹಸುವಿನ ಕೊಟ್ಟಿಗೆಯ ತೊಲೆ, ಎಲ್ಲ ಮುಟ್ಟಿ ಮುಗಿದ ಮೇಲೆ ಹಿತ್ತಲ ಬಾಗಿಲಲ್ಲಿ ನಿಂತು, ಎದುರಿಗೆ ಯಾರೋ ಇದ್ದಾರೆ ಎಂಬಂತೆ ಬಾಯಲ್ಲೇ ಏನೋ ಹೇಳಿ ಒಳಗೆ ಬರುತ್ತಿದ್ದ. ಊರಿನವರಿಗೆ ಅಭ್ಯಾಸವಾಗಿಹೋಗಿತ್ತು. ಇನ್ನೊಂದು ವಿಚಿತ್ರ ಹೆಂಡತಿ ಮಕ್ಕಳಿಗೆ ಮಾತ್ರ ಗೊತ್ತು: ಕದಿರಪ್ಪನ ಬಾಯಲ್ಲಿ 'ಎಲ್ಲಾ ಸರಿ' ಎಂಬ ಮಾತು ಬರುತ್ತಿರಲಿಲ್ಲ. ಯಾರು ಏನು ವಿಚಾರಿಸಿದರೂ "ನೋಡ್ಬೇಕು" ಎನ್ನುತ್ತಿದ್ದ.

ಅಪ್ಪ ಹಿಂದೆ ಕೆಜಿಎಫ್‌ನಲ್ಲಿ ಒಬ್ಬ ಗುತ್ತಿಗೆದಾರನ ಕೈಕೆಳಗೆ ಗಣಿಯೊಳಗೆ ಕೆಲಸ ಮಾಡುತ್ತಿದ್ದದ್ದು, ಕೆಳಗೆ ಬೆಂಕಿ ಬಿದ್ದು ಕುಪ್ಪುಸ್ವಾಮಿ ಎಂಬ ಅವನ ಸ್ನೇಹಿತ ಸತ್ತದ್ದು, ಆಮೇಲೆ ಅಪ್ಪ ಗಣಿ ಬಿಟ್ಟು ಬೇಸಾಯಕ್ಕೆ ಬಂದದ್ದು ಭಾನುಪ್ರಿಯಗೆ ಗೊತ್ತಿತ್ತು. ಬೆಂಕಿಯನ್ನೇ ಓದಬೇಕು ಎಂದು ಅವಳು ಹಟ ಹಿಡಿದದ್ದೂ ಅದರಿಂದಲೇ. ಅದಕ್ಕಿಂತ ಹೆಚ್ಚು ಯಾರೂ ಹೇಳಿರಲಿಲ್ಲ.

ಸ್ಥಾವರದಿಂದ ಹೊರಬರುತ್ತಿದ್ದಂತೆ ಅವಳ ಮೇಲಧಿಕಾರಿ ಸುಧಾಕರ್ ಫೋನು ಮಾಡಿದರು.

"ಸೋಮವಾರ ಸಮಿತಿ ಸೇರುತ್ತೆ ಭಾನು. ಗಂಟೆಗೊಂದು ಗಸ್ತು ಹಳೆ ನಿಯಮದ ಪ್ರಕಾರ ತೃಪ್ತಿಕರ ಅಂತ ಒಂದು ಸಾಲು ಬರೆದ್ರೆ ಮುಗೀತು."

"ಹೊಸ ನಿಯಮದ ಪ್ರಕಾರ ಅಲ್ವಲ್ಲ ಸಾರ್."

"ಹೊಸದು ಇನ್ನೂ ಅವರಿಗೆ ಪೂರ್ತಿ ಅನ್ವಯ ಆಗಿಲ್ಲ." ಸುಧಾಕರ್ ಕೆಟ್ಟ ಮನುಷ್ಯರಲ್ಲ. ಇಪ್ಪತ್ತೈದು ವರ್ಷ ಇದೇ ಕೆಲಸ ಮಾಡಿದವರು. "ಒಂದು ವಿಷ್ಯ ಯೋಚ್ನೆ ಮಾಡು. ಈ ಕೋಣೆ ಹೀಗಿದೆ ಅಂತ ನಮಗೆ ತಿಳಿಸಿದ್ದು ಯಾರು? ಅವರೇ. ಬದಲಾಗೋ ಕಾಲದಲ್ಲಿ ನೀವಾಗೇ ಕಂಡುಹಿಡಿದ ತಪ್ಪಿಗೆ ದಂಡ ಹಾಕಲ್ಲ ಅಂತ ಮಾತು ಕೊಟ್ಟಿದ್ದೀವಿ. ಈಗ ಕತ್ತು ಹಿಡಿದ್ರೆ ಮುಂದೆ ಯಾರೂ ಏನೂ ಹೇಳಲ್ಲ. ಮುಚ್ಚಿಡ್ತಾರೆ. ಅದು ಇನ್ನೂ ಅಪಾಯ."

ಅವರು ಹೇಳಿದ್ದು ನಿಜವಾಗಿತ್ತು. ವಾಸನೆಯ ಮಾತನ್ನು ಅವಳು ಎತ್ತಲಿಲ್ಲ. ಎತ್ತಿ ಏನೆಂದು ಹೇಳುವುದು?

ಕೈಯಲ್ಲಿ ಮೂರು ದಿನವಿತ್ತು. ಅವಳು ಊರಿಗೆ ಹೋದಳು.

ಸೀಗೇನಹಳ್ಳಿಯಲ್ಲಿ ಅವರೆಕಾಯಿಯ ಕಾಲ. ಅಮ್ಮ ಮುತ್ಯಾಲಮ್ಮ ಜಗಲಿಯ ಮೇಲೆ ಕಾಯಿ ಸುಲಿಯುತ್ತಾ ಕೂತಿದ್ದಳು. ತಮ್ಮ ಗೋಪಿ ಡೈರಿಗೆ ಹಾಲು ಹಾಕಲು ಹೋಗಿದ್ದ. ಕದಿರಪ್ಪ ಮಗಳನ್ನು ಕಂಡು, "ಏನಮ್ಮಾ, ಏಳ್ದೆ ಕೇಳ್ದೆ ಬಂದ್ಬಿಟ್ಟೆ" ಎಂದು ನಕ್ಕ. ಅರವತ್ತಾರು ವರ್ಷಕ್ಕೆ ಕೂದಲೆಲ್ಲ ಬೆಳ್ಳಗಾಗಿತ್ತು. ನಡಿಗೆ ಮಾತ್ರ ಚುರುಕು.

ಮಧ್ಯಾಹ್ನ ಎರಡೂವರೆಗೆ ಅವನು ಎದ್ದ. ಭಾನುಪ್ರಿಯ ಚಿಕ್ಕವಳಿದ್ದಾಗ ಮಾಡುತ್ತಿದ್ದಂತೆ ಹಿಂದೆ ಹಿಂದೆ ಹೋದಳು. ಒಲೆ, ಮೆದೆ, ಹಲಗೆ, ತೊಲೆ. ಹಿತ್ತಲ ಬಾಗಿಲಲ್ಲಿ ನಿಂತು ಅವನು ತುಟಿ ಆಡಿಸಿದ.

"ಅಪ್ಪ, ನಿನ್ನೆ ಕೆಲ್ಸದ ಜಾಗದಲ್ಲಿ ನನಗೂ ವಾಸನೆ ಬಂತು. ಮರ ಸುಟ್ಟಂಗೆ. ಇದೇ ಹೊತ್ತಿಗೆ."

ಕದಿರಪ್ಪ ತಿರುಗಿ ಅವಳ ಮುಖವನ್ನೇ ನೋಡಿದ. ಆಮೇಲೆ ಕೊಟ್ಟಿಗೆಯ ಕಲ್ಲಿನ ಮೇಲೆ ಕೂತು, "ನಿನ್ ಕೆಲ್ಸ ಏನೇಳು ನೋಡಾನ. ಸರ್ಯಾಗಿ ಏಳು" ಎಂದ.

ಅವಳು ಹೇಳಿದಳು. ಎರಡು ಸಾಲು ಕೇಬಲ್, ಇಪ್ಪತ್ತಡಿ, ಇನ್ನೂ ಏಳದ ಗೋಡೆ, ಹಳೆಯ ನಿಯಮ, ಹೊಸ ನಿಯಮ, ಗಂಟೆಗೊಮ್ಮೆ ಬರುವ ಕಾವಲಿನವನು. ಕದಿರಪ್ಪ ಒಂದೇ ಒಂದು ಮಾತು ಕೇಳಿದ.

"ಒಂದ್ಸಾರಿ ಬಂದೋದ್ನಲ್ಲಾ, ಇನ್ನೊಂದ್ಸಾರಿ ಬರೋಗಂಟ ಅಲ್ಲಿ ಯಾರಿರ್ತಾರೆ?"

"ಯಾರೂ ಇರಲ್ಲ."

"ಊಂ." ಅವನು ಹಸುವಿನ ಮುಂದಕ್ಕೆ ಒಂದು ಹಿಡಿ ಹುಲ್ಲು ಎಳೆದು ಹಾಕಿದ. ಆಮೇಲೆ ಮೂವತ್ತು ವರ್ಷ ಆಡದಿದ್ದ ಮಾತನ್ನು ಆಡಿದ.

ಅವನ ಕೆಲಸವೂ ಬೆಂಕಿ ಕಾಯುವುದೇ ಆಗಿತ್ತು. ಗಣಿಯೊಳಗೆ ಹಳೆಯ ಪೈಪುಗಳನ್ನು ಗ್ಯಾಸ್‌ನಿಂದ ಕತ್ತರಿಸುತ್ತಿದ್ದರು. ಕಿಡಿ ಹಾರಿ, ಬಂಡೆಗೆ ಆನಿಕೆಯಾಗಿ ನಿಲ್ಲಿಸಿದ ಮರಗಳ ಸಂದಿಗೆ ಬೀಳುತ್ತಿತ್ತು. ಕತ್ತರಿಸುವವರು ಹೋದ ಮೇಲೆ ಒಬ್ಬ ಅಲ್ಲೇ ಕೂತು ಹೊಗೆ ಏಳುತ್ತದೆಯೇ ಎಂದು ಒಂದು ಗಂಟೆ ನೋಡಬೇಕು. ಹಳೆಯ ಮರ ಒಳಗೇ ಕನಲಿ ಎಷ್ಟೋ ಹೊತ್ತಿನ ಮೇಲೆ ಹೊತ್ತಿಕೊಳ್ಳುತ್ತದೆ, ಒಂದು ಗಂಟೆ ಸಾಲದು ಎಂದು ಯಾರೋ ಹೇಳಿದ್ದಕ್ಕೆ ಗುತ್ತಿಗೆದಾರ ಹೊಸ ನೋಟೀಸು ಅಂಟಿಸಿದ: ನಾಲ್ಕು ಗಂಟೆ ಕಾಯಬೇಕು, ಜನವರಿ ಒಂದರಿಂದ.

"ಅವತ್ತು ಡಿಸೆಂಬರ್ ಇಪ್ಪತ್ತೇಳು," ಎಂದ ಕದಿರಪ್ಪ. "ಒಂದೂವರೆಗೆ ಕಟಿಂಗ್ ಮುಗೀತು. ಎರಡೂವರೆಗಂಟ ಕುಂತಿದ್ದೆ. ಏಳೋ ಒತ್ನಾಗೆ ವಾಸ್ನೆ ಬಂತು ಕಣಮ್ಮ. ಒಗೆ ಕಾಣ್ಲಿಲ್ಲ. ಮರ ಮುಟ್ಟಿ ನೋಡ್ದೆ, ಬೆಚ್ಚಗಿತ್ತು. ಕೆಳ್ಗೆ ಎಲ್ಲಾ ಮರಾನೂ ಬೆಚ್ಚಗೇ ಇರ್ತವೆ ಅಂದ್ಕೊಂಡೆ. ಒಂದು ಗಂಟೆ ಆಗೋಗಿತ್ತು. ಮೂರು ನಲವತ್ತರ ರೈಲು ಬಿಟ್ರೆ ಬಂಗಾರಪೇಟೆಗೆ ಬರಾಕೆ ಕತ್ಲಾಗೋದು. ನಿಂಗಾವಾಗ ಜ್ವರ ಬೇರೆ."

ಅವನು ಮುಂದುವರಿಸಿದ. "ಮೇಲೆ ಬಂದೆ. ಮೂರು ಗಂಟೆ ಶಿಫ್ಟಿನೋರು ಗಣಿಗಿಳಿಸೋ ಕೇಜತ್ತಾಕೆ ನಿಂತಿದ್ರು. ಕುಪ್ಪುಸ್ವಾಮಿ ಮುಂದ್ಗಡೆ ಇದ್ದ. 'ಅಣ್ಣೇ, ಕೀಳೆ ಎಲ್ಲಾ ಸರಿಯಾ?' ಅಂದ. ಅವ್ನು ಅಂಗೇ, ಅರ್ಧ ತಮಿಳು ಅರ್ಧ ಕನ್ನಡ. ಎಲ್ಲಾ ಸರಿ ಅಂದೆ."

ಒಳಗೆ ಮುತ್ಯಾಲಮ್ಮ ಕಾಯಿ ಸುಲಿಯುವ ಸದ್ದು ನಿಂತುಹೋಗಿತ್ತು.

ಐದು ಗಂಟೆಗೆ ಸೈರನ್ ಆಗಿತ್ತು. ಬೆಂಕಿ ಕುಪ್ಪುಸ್ವಾಮಿಯನ್ನು ಮುಟ್ಟಿರಲಿಲ್ಲ, ಹೊಗೆ ಮುಟ್ಟಿತ್ತು. ಉಳಿದವರನ್ನು ಮುಂದಕ್ಕೆ ಕಳಿಸಿ ಕೊನೆಯಲ್ಲಿ ಬರುತ್ತಿದ್ದನಂತೆ.

"ಎನ್ಕ್ವಯರಿ ಮಾಡಿದ್ರು. ಎಷ್ಟೊತ್ತು ಕಾದೆ ಅಂದ್ರು. ಒಂದು ಗಂಟೆ ಅಂದೆ. ನಿಯಮ ಇದ್ದಿದ್ದೂ ಒಂದೇ ಗಂಟೆ, ಒಸದು ಇನ್ನೂ ಬಂದಿರ್ಲಿಲ್ಲ, ಇವಂದೇನೂ ತಪ್ಪಿಲ್ಲ ಅಂತ ಬರ್ದು ನನ್ ಬೆನ್ನು ತಟ್ಟಿ ಕಳ್ಸಿದ್ರು. ವಾಸ್ನೆ ಬಂತಾ ಅಂತ ಒಬ್ರೂ ಕೇಳ್ಲಿಲ್ಲ. ನಾನೂ ಏಳ್ಲಿಲ್ಲ."

ಭಾನುಪ್ರಿಯ ಹಿತ್ತಲ ಕಡೆ ತಿರುಗಿ ನೋಡಿದಳು. "ಹಿತ್ತಲ ಬಾಗಿಲಲ್ಲಿ ನಿಂತು ಯಾರ ಜೊತೆ ಮಾತಾಡ್ತೀಯಪ್ಪಾ?"

"ಅವ್ನು ಬತ್ತಾನೆ," ಎಂದ ಕದಿರಪ್ಪ, ಮಳೆ ಬರುತ್ತದೆ ಎಂದಷ್ಟೇ ಸಾಧಾರಣವಾಗಿ. "ದಿನಾ ಬತ್ತಾನೆ. ಬೈಯಾಕಿಲ್ಲ, ಎದ್ರಿಸಾಕಿಲ್ಲ. ಟೋಪಿ ಆಕ್ಕೊಂಡು ನಿಂತ್ಕೊಂಡು ಅದೇ ಮಾತು ಕೇಳ್ತಾನೆ. ಅದ್ಕೇ ಎಲ್ಲಾ ಮುಟ್ಟಿ ನೋಡಿ ಬತ್ತೀನಿ. ನೋಡ್ದೆ, ಬಿಸಿ ಇಲ್ಲ ಅಂತ ಏಳ್ತೀನಿ. ಓಗ್ತಾನೆ. ನಾಳೆ ತಿರ್ಗಾ ಬತ್ತಾನೆ."

ಹಿತ್ತಲ ಬಾಗಿಲಾಚೆ ಬಿಸಿಲು ಬಿದ್ದಿತ್ತು. ಹುರುಳಿ ಹೊಟ್ಟಿನ ಗುಡ್ಡೆಯ ಮೇಲೆ ಒಂದು ಕೋಳಿ ಕೆದಕುತ್ತಿತ್ತು. ಅಲ್ಲಿ ಯಾರೂ ಇರಲಿಲ್ಲ. ಆದರೂ ಭಾನುಪ್ರಿಯ ಆ ಕಡೆ ಬೆನ್ನು ಮಾಡಿ ಕೂರಲಾರದೆ ಸರಿದು ಕೂತಳು.

ಮುತ್ಯಾಲಮ್ಮ ಬಾಗಿಲಿಗೆ ಬಂದು ನಿಂತಿದ್ದಳು. ಇಷ್ಟು ವರ್ಷ ಜೊತೆಗೆ ಮಲಗಿ ಎದ್ದವಳಿಗೂ ಇದು ಹೊಸದು. ಅವಳು ಅಳಲಿಲ್ಲ. "ಆ ಕನಕಮ್ಮಂಗೆ ಗೊತ್ತಾ ಇದು?" ಎಂದಳು.

ಕನಕಮ್ಮ ಕುಪ್ಪುಸ್ವಾಮಿಯ ಹೆಂಡತಿ. ಚಾಂಪಿಯನ್ ರೀಫ್ಸ್‌ನ ಗಣಿ ಕೆಲಸಗಾರರ ಲೈನ್ ಮನೆಯಲ್ಲಿ ಮಗಳು ಅಂಬಿಕಳ ಜೊತೆ ಇದ್ದಳು. ಕದಿರಪ್ಪ ಪ್ರತಿ ವರ್ಷ ಈ ಕಾಲಕ್ಕೆ ಅವಳಿಗೆ ಒಂದು ಚೀಲ ಅವರೆಕಾಯಿ ಕೊಟ್ಟು ಬರುತ್ತಿದ್ದ.

"ಗೊತ್ತಿಲ್ಲ," ಎಂದ ಕದಿರಪ್ಪ.

"ಓಗಿ ಏಳು ಮತ್ತೆ. ನಮ್ಗೇಳಿ ಏನ್ ಬಂತು?"

ಮರುದಿನ ಬೆಳಿಗ್ಗೆ ಅಪ್ಪ ಮಗಳು ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿದರು. ಕಾಯಿಯ ಚೀಲ ಈ ಸಲ ತರಲಿಲ್ಲ. ಊರಿಗಾಂ ದಾಟಿದ ಮೇಲೆ ಗಣಿಯ ಮಣ್ಣಿನ ಬೂದು ದಿಬ್ಬಗಳು ಕಿಟಕಿಗೆ ಬಂದವು. ಅಲ್ಲಲ್ಲಿ ಗಣಿಗೆ ಇಳಿಯುವ ಶಾಫ್ಟಿನ ಕಬ್ಬಿಣದ ಚೌಕಟ್ಟುಗಳು ತುಕ್ಕು ಹಿಡಿದು ನಿಂತಿದ್ದವು. ಕೆಳಗೆ ಮೈಲಿಗಟ್ಟಲೆ ಸುರಂಗಗಳಲ್ಲಿ ನೀರು ತುಂಬಿಕೊಂಡು ಎಷ್ಟೋ ವರ್ಷ. ಕದಿರಪ್ಪ ಆ ಕಡೆ ನೋಡದೆ ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದ.

ಲೈನಿನ ಬೀದಿ ಕಿರಿದು. ಕನಕಮ್ಮ ಬಾಗಿಲಲ್ಲೇ ಕೂತು ಅಕ್ಕಿ ಆರಿಸುತ್ತಿದ್ದಳು. ಅವನನ್ನು ಕಂಡು ಮುಖ ಅರಳಿತು. "ವಾಂಗೋ ಅಣ್ಣೇ, ಬನ್ನಿ. ಇದು ಮಗಳಾ? ಅಂಬಿಕಾ, ಕಾಪಿ ಇಡಮ್ಮಾ."

"ಕಾಪಿ ಬ್ಯಾಡಮ್ಮಾ," ಎಂದ ಕದಿರಪ್ಪ. ಕೂರಲಿಲ್ಲ. ನಿಂತೇ ಹೇಳತೊಡಗಿದ. ನಡುನಡುವೆ ಮಾತು ಸಿಕ್ಕಿಕೊಂಡರೂ ಏನನ್ನೂ ಬಿಡಲಿಲ್ಲ. ವಾಸನೆ, ಬೆಚ್ಚಗಿದ್ದ ಮರ, ರೈಲಿನ ವೇಳೆ, ಮೇಲೆ ಬಂದಾಗ ಎದುರಾದ ಕುಪ್ಪುಸ್ವಾಮಿ. ಕನಕಮ್ಮನ ಕೈ ಮೊರದ ಮೇಲೆ ಹಾಗೇ ನಿಂತಿತು.

"ನಮ್ಮವರು ನಿಮ್ಮನ್ನ ಏನಾದ್ರೂ ಕೇಳಿದ್ರಾ?"

"ಕೆಳ್ಗೆ ಎಲ್ಲಾ ಸರೀನಾ ಅಂದ."

"ನೀವು ಏನಂದ್ರಿ?"

"ಸರಿ ಅಂದೆ."

ಅಂಬಿಕ ಒಳಗಿಂದ ಬಂದು ತಾಯಿಯ ಹಿಂದೆ ನಿಂತಳು. ಅವಳಿಗೂ ಭಾನುಪ್ರಿಯಗೂ ಒಂದೇ ವಯಸ್ಸಿರಬಹುದು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಕನಕಮ್ಮ ಮೊರವನ್ನು ಪಕ್ಕಕ್ಕೆ ಇಟ್ಟಳು. ದನಿ ಏರಿಸಲಿಲ್ಲ. "ಮೂವತ್ತು ವರ್ಷ ನೀವು ಬಂದಾಗೆಲ್ಲ, ಇಂಥ ಒಬ್ಬ ಒಳ್ಳೇ ಮನುಷ್ಯ ಅವರಿಗೆ ಸ್ನೇಹಿತ ಆಗಿದ್ದನಲ್ಲ ಅಂತ ಸಮಾಧಾನ ಪಟ್ಕೋತಿದ್ದೆ. ನಂಗೆ ಇದ್ದಿದ್ದು ಅದೊಂದೇ. ಈಗ ಅದನ್ನೂ ತಗೊಂಡ್ರಿ. ನಿಮ್ಮ ಎದೆ ಮೇಲಿನ ಭಾರ ತಂದು ನನ್ನ ಬಾಗಿಲಲ್ಲಿ ಇಳಿಸಿ ಹಗುರ ಆಗಿ ಹೋಗ್ತೀರಾ? ನಾನು ಇದನ್ನ ಎಲ್ಲಿ ಇಳಿಸಲಿ ಅಣ್ಣೇ?"

ಕದಿರಪ್ಪ ಕೈ ಮುಗಿದ.

"ಕೈ ಮುಗೀಬೇಡಿ. ಪೋಂಗೋ. ಹೋಗಿ."

ಅವಳು ಎದ್ದು ಒಳಗೆ ಹೋದಳು. ಅಂಬಿಕ ಬಾಗಿಲನ್ನು ಸದ್ದಾಗದಂತೆ ಮುಚ್ಚಿದಳು.

ವಾಪಸು ರೈಲಿನಲ್ಲಿ ಭಾನುಪ್ರಿಯ ಸಮಾಧಾನದ ಮಾತು ಹುಡುಕಿದಳು. ನಿಯಮದ ಪ್ರಕಾರ ನಿನ್ನ ತಪ್ಪಿಲ್ಲ ಎನ್ನಬಹುದಿತ್ತು. ಅದನ್ನು ಆಗಲೇ ಯಾರೋ ಬರೆದುಕೊಟ್ಟಿದ್ದರು. ಅದರಿಂದ ಅಪ್ಪನಿಗೆ ಒಂದು ದಿನವೂ ನೆಮ್ಮದಿ ಸಿಕ್ಕಿರಲಿಲ್ಲ. ಕದಿರಪ್ಪನೇ ಮಾತಾಡಿದ. "ಅವ್ಳು ಅಂದಿದ್ದು ಸರ್ಯಾಗೈತೆ. ಮೊದ್ಲೇ ಏಳ್ಬೇಕಾಗಿತ್ತು, ಇಲ್ಲಾ ಏಳ್ಲೇಬಾರ್ದಾಗಿತ್ತು." ಆಮೇಲೆ, "ನೀನು ಬರಿಯೋದು ಎಂದಿಗೆ?"

"ಸೋಮವಾರ ಕೊಡಬೇಕು."

"ಬರಿಯೋವಾಗ ಆ ಕಾವ್ಲಿನೋನ ಜಾಗ್ದಾಗೆ ನನ್ನ ಕುಂಡ್ರಿಸ್ಕೊಂಡು ಬರಿ."

ಭಾನುವಾರ ಹಗಲೆಲ್ಲ ಅವಳು ಜಗಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬರೆದಳು. ಸುಧಾಕರ್ ಹೇಳಿದ್ದನ್ನು ತಳ್ಳಿಹಾಕಲಿಲ್ಲ. ಸ್ಥಾವರದವರು ತಾವಾಗಿ ತಿಳಿಸಿದ್ದಕ್ಕೆ ಯಾವ ದಂಡವೂ ಬೇಡ, ಉಳಿದ ಕೋಣೆಗಳಿಗೆ ಕೇಳಿದಷ್ಟು ಸಮಯ ಕೊಡಬಹುದು ಎಂದಳು. ಈ ಒಂದು ಕೋಣೆಗೆ ಮಾತ್ರ ಬೇರೆ ಬರೆದಳು. ಎರಡು ವರ್ಷವಲ್ಲ, ಎಂಟು ತಿಂಗಳಲ್ಲಿ ಗೋಡೆ ಏಳಬೇಕು. ಅಲ್ಲಿಯವರೆಗೆ ಗಂಟೆಗೊಂದು ಗಸ್ತು ಸಾಲದು. ಹಗಲೂ ರಾತ್ರಿ ಒಬ್ಬರಲ್ಲ ಒಬ್ಬರು ಕೋಣೆಯಲ್ಲಿ ಕೂತಿರಬೇಕು, ಇನ್ನೊಬ್ಬರು ಬರುವವರೆಗೆ ಏಳಬಾರದು. ಅನುಮಾನ ಬಂದರೆ ಯಾರ ಅಪ್ಪಣೆಯೂ ಇಲ್ಲದೆ ಅಲ್ಲಿ ನಡೆಯುವ ಕೆಲಸ ನಿಲ್ಲಿಸುವ ಅಧಿಕಾರ ಅವರಿಗಿರಬೇಕು. ಬಾಗಿಲ ಹಿಂದಿನ ಹಾಳೆಯಲ್ಲಿ ವೇಳೆ, ರುಜು ಎಂದು ಎರಡೇ ಕಾಲಂಗಳಿದ್ದವು. ಅವಳು ಮೂರನೆಯದನ್ನು ಸೇರಿಸಿದಳು: 'ಏನನ್ನಿಸಿತು'.

ಎರಡೂವರೆಗೆ ಅಪ್ಪ ಎದ್ದು ಸುತ್ತು ಹೋದದ್ದು ಅವಳಿಗೆ ಕೇಳಿಸಿತು. ಈ ಸಲ ಅಮ್ಮನೂ ಜೊತೆಗೆ ಹೋದಳು. ಮೆದೆಯ ಹತ್ತಿರ ಇಬ್ಬರೂ ಏನೋ ಗುಜುಗುಜು ಮಾತಾಡಿದರು.

ಸಮಿತಿಯಲ್ಲಿ ಜಗ್ಗಾಟವಾಯಿತು. ಎಂಟು ತಿಂಗಳು ಹನ್ನೊಂದಾಯಿತು. "ಅನ್ನಿಸಿದ್ದನ್ನೆಲ್ಲ ದಾಖಲೆ ಮಾಡಕ್ಕಾಗುತ್ತಾ?" ಎಂದು ಒಬ್ಬರು ನಕ್ಕದ್ದಕ್ಕೆ ಮೂರನೆಯ ಕಾಲಮಿನ ಹೆಸರು 'ಗಮನಿಸಿದ್ದು' ಎಂದಾಯಿತು. ಸದಾ ಕೂತಿರುವ ಕಾವಲನ್ನು ಒಪ್ಪಿದರು. ಸುಧಾಕರ್ ಹೊರಗೆ ಬಂದು, "ನನ್ನನ್ನ ಒಂದು ಮಾತು ಕೇಳಿ ಬರೀಬಹುದಿತ್ತು" ಎಂದರು. ಆಮೇಲೆ ಎಷ್ಟೋ ವಾರ ಅವಳ ಜೊತೆ ಕೆಲಸದ ಮಾತಷ್ಟೇ ಆಡಿದರು. ಮುಂದಿನ ಸ್ಥಾವರದ ಕಡತ ಬಂದಾಗ ಮಾತ್ರ ಯಾರಿಗೂ ಹೇಳದೆ ಅದನ್ನು ಅವಳ ಮೇಜಿಗೇ ಕಳಿಸಿದರು.

ಹನ್ನೊಂದು ತಿಂಗಳಲ್ಲಿ ಗೋಡೆ ಎದ್ದಿತು. ಆ ಅವಧಿಯ ಹಾಳೆಗಳನ್ನೆಲ್ಲ ಭಾನುಪ್ರಿಯ ತರಿಸಿಕೊಂಡು ಓದಿದಳು. ಸಾವಿರಾರು ಸಾಲುಗಳಲ್ಲಿ 'ಏನಿಲ್ಲ', 'ಏನಿಲ್ಲ'. ಐದನೆಯ ತಿಂಗಳಲ್ಲಿ ಒಂದು ಕಡೆ, ಗುಂಡಗಿನ ಅಕ್ಷರದಲ್ಲಿ: 'ಮಧ್ಯಾಹ್ನ ಏನೋ ವಾಸನೆ. ಎಲ್ಲ ಮುಟ್ಟಿ ನೋಡಿದೆ. ಸಿಗಲಿಲ್ಲ. ಪಾಳಿ ಮುಗಿದರೂ ಎರಡು ಗಂಟೆ ಕೂತಿದ್ದೆ.' ಬರೆದವರು ಕಲ್ಪನ ಎಂಬ ಹೆಂಗಸು. ಅಂದು ಬೆಂಕಿಯೇನೂ ಬೀಳಲಿಲ್ಲ. ಯಾವತ್ತೂ ಬೀಳಲಿಲ್ಲ. ಕಲ್ಪನಗೆ ಬಂದ ವಾಸನೆ ಯಾವುದು ಎಂದು ಫೋನು ಮಾಡಿ ಕೇಳಬೇಕೆಂದು ಭಾನುಪ್ರಿಯಗೆ ಎರಡು ಸಲ ಅನ್ನಿಸಿತು. ಕೇಳಲು ಹೆದರಿಕೆಯಾಯಿತು.

ಮತ್ತೆ ಡಿಸೆಂಬರ್ ಬಂತು. ಹೋಗಿ ಎಂದು ಕನಕಮ್ಮ ಕಳಿಸಿದ್ದರೂ ಕದಿರಪ್ಪ ಇಪ್ಪತ್ತೇಳಕ್ಕೆ ಒಬ್ಬನೇ ಚಾಂಪಿಯನ್ ರೀಫ್ಸ್‌ಗೆ ಹೋದ. ಬರುವ ಹೊತ್ತಿಗೆ ಬರಲಿಲ್ಲವೆಂದು ಮುತ್ಯಾಲಮ್ಮ ಮಗಳಿಗೆ ಫೋನು ಮಾಡಿದಳು. ಭಾನುಪ್ರಿಯ ಅಪ್ಪನ ಫೋನಿಗೆ ಕರೆ ಮಾಡಿದಳು.

"ಇಲ್ಲೇ ಅವ್ರ ಬೀದಿನಾಗೆ ಇವ್ನಿ," ಎಂದ ಕದಿರಪ್ಪ. ಹಿಂದೆ ಯಾವುದೋ ಮನೆಯ ರೇಡಿಯೋ ತಮಿಳಿನಲ್ಲಿ ಹಾಡುತ್ತಿತ್ತು. "ಎದ್ರುಮನೆ ಜಗ್ಲಿ ಮ್ಯಾಲೆ ಕುಂತಿವ್ನಿ. ಅವ್ಳು ಒಂದ್ಕಿತ ಬಾಗ್ಲಿಗೆ ಬಂದು ನೋಡಿದ್ಲು. ಕರೀಲಿಲ್ಲ."

"ಹೋಗು ಅಂದ್ರಾ?"

"ಅದೂ ಅನ್ಲಿಲ್ಲ."

"ರೈಲು ಹೋಗಿಬಿಡುತ್ತಲ್ಲಪ್ಪ."

"ಓಗ್ಲಿ ಬಿಡು," ಎಂದ ಕದಿರಪ್ಪ. "ಇನ್ನೊಂದು ಬತ್ತದೆ."